ಪೆಟ್ರೋಲ್ ಚಾಲಿತ ಪಿಕಪ್ ವಾಹನಗಳಿಗೆ ಸಾಮಾನ್ಯ ಪೆಟ್ರೋಲ್ ಅಥವಾ ಪ್ರೀಮಿಯಂ ಪೆಟ್ರೋಲ್: ಗ್ರಾಹಕರಿಗೆ ಮಾಹಿತಿ

1. ಪೀಠಿಕೆ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಶೇಂಗಾ, ತರಕಾರಿ, ಮೇವು ಮತ್ತು ದಿನಸಿ ಸಾಗಾಣಿಕೆಗೆ ಸಣ್ಣ ಸರಕು ವಾಹನಗಳೇ ಆಧಾರ. ಬಹುಪಾಲು ಆಂಧ್ರ ಪ್ರದೇಶದಿಂದ ಸುತ್ತುವರಿದಿರುವ ಈ ತಾಲ್ಲೂಕಿನಿಂದ ಮಧುಗಿರಿ, ಶಿರಾ, ಕೊರಟಗೆರೆ ಅಥವಾ ಹಿಂದೂಪುರದ ಮಾರುಕಟ್ಟೆಗಳಿಗೆ ಹೋಗಿ ಬರುವ ಬಾಡಿಗೆಯಲ್ಲಿ ಇಂಧನದ ವೆಚ್ಚವು ದೊಡ್ಡ ಪಾಲು ಪಡೆಯುತ್ತದೆ. ಪೆಟ್ರೋಲ್ ಬಂಕ್‌ಗಳಲ್ಲಿ ಸಾಮಾನ್ಯ ಪೆಟ್ರೋಲಿನ ಜೊತೆಗೆ ಹೆಚ್ಚಿನ ದರದ ಪ್ರೀಮಿಯಂ ಪೆಟ್ರೋಲ್ ಸಹ ಲಭ್ಯವಿದ್ದು, ಯಾವುದನ್ನು ಬಳಸಬೇಕೆಂಬ ಬಗ್ಗೆ ವಾಹನ ಮಾಲೀಕರಲ್ಲಿ ಗೊಂದಲವಿರುತ್ತದೆ. ಹಣ ಪಾವತಿಸುವ ಮುನ್ನ ಗ್ರಾಹಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

2. ಈ ಮಾಹಿತಿ ಯಾರಿಗೆ ಅನ್ವಯಿಸುತ್ತದೆ?

ಪಿಕಪ್ ವಾಹನಗಳಲ್ಲಿ ಹೆಚ್ಚಿನವು ಡೀಸೆಲ್ ಚಾಲಿತವಾಗಿದ್ದು, ಅವುಗಳಿಗೆ ಈ ಮಾಹಿತಿ ಅನ್ವಯಿಸುವುದಿಲ್ಲ. ಮಾರುತಿ ಸುಜುಕಿ ಸೂಪರ್ ಕ್ಯಾರಿ, ಟಾಟಾ ಏಸ್ ಗೋಲ್ಡ್ ಮುಂತಾದ ಸಣ್ಣ ವಾಹನಗಳು ಪೆಟ್ರೋಲ್ ಎಂಜಿನ್‌ನಲ್ಲಿಯೂ ಮಾರಾಟವಾಗಿವೆ. ವಾಹನವು ಯಾವ ಇಂಧನದ್ದೆಂಬುದನ್ನು ನೋಂದಣಿ ಪತ್ರದಲ್ಲಿ ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.

3. ಆಕ್ಟೇನ್ ಸಂಖ್ಯೆ ಎಂದರೇನು?

ಎಂಜಿನ್ನಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತಿ ಹಿಡಿಯುತ್ತದೆ. ನಂತರ ಸ್ಪಾರ್ಕ್ ಪ್ಲಗ್‌ನ ಕಿಡಿಯಿಂದ ಅದು ಉರಿಯಬೇಕು. ಒತ್ತಡ ಮತ್ತು ಶಾಖದಿಂದ ಮಿಶ್ರಣದ ಒಂದು ಭಾಗ ತಾನಾಗಿಯೇ ಸಿಡಿದರೆ ಟಕಟಕ ಸದ್ದು ಕೇಳಿಬರುತ್ತದೆ. ಇದನ್ನು ನಾಕಿಂಗ್ ಎನ್ನುತ್ತಾರೆ. ಇದು ಮುಂದುವರಿದಲ್ಲಿ ಪಿಸ್ಟನ್‌ಗೆ ಹಾನಿಯಾಗಬಹುದು. ಹೀಗೆ ಅಕಾಲದಲ್ಲಿ ಸಿಡಿಯದಂತೆ ತಡೆದುಕೊಳ್ಳುವ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ.

ಆಕ್ಟೇನ್ ಸಂಖ್ಯೆಯು ಇಂಧನದಲ್ಲಿರುವ ಶಕ್ತಿಯ ಅಳತೆಯಲ್ಲ ಎಂಬುದನ್ನು ಗಮನಿಸತಕ್ಕದ್ದು. 91 ಆಕ್ಟೇನ್ ಸಾಕೆಂದು ತಯಾರಕರು ಸೂಚಿಸಿರುವ ಎಂಜಿನ್ನಿಗೆ ಅದಕ್ಕಿಂತ ಹೆಚ್ಚಿನ ಆಕ್ಟೇನ್‌ನ ಪೆಟ್ರೋಲ್ ಹಾಕಿದ ಮಾತ್ರಕ್ಕೆ ಎಳೆಯುವ ಬಲವಾಗಲಿ, ಮೈಲೇಜ್ ಆಗಲಿ ಗಣನೀಯವಾಗಿ ಹೆಚ್ಚುವುದಿಲ್ಲ.

4. ಈಗ ದೊರೆಯುವ ಪೆಟ್ರೋಲ್

ದೇಶದಲ್ಲಿ 1 ಏಪ್ರಿಲ್ 2020 ರಿಂದ ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದಿತು. ಅದರಂತೆ ಸಾಮಾನ್ಯ ಪೆಟ್ರೋಲಿನ ಕನಿಷ್ಠ ಆಕ್ಟೇನ್ 91 ಇದ್ದು, 95 ಆಕ್ಟೇನ್‌ನ ಪೆಟ್ರೋಲ್ ಪ್ರೀಮಿಯಂ ದರ್ಜೆಯದಾಗಿತ್ತು. ಶೇ. 20 ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 6 ಫೆಬ್ರವರಿ 2023 ರಂದು ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. 2025 ರ ವೇಳೆಗೆ ಅದು ದೇಶದಾದ್ಯಂತ ವಿಸ್ತರಿಸಿತು. ಎಥನಾಲಿನ ಆಕ್ಟೇನ್ ಅಧಿಕವಾಗಿರುವುದರಿಂದ ಇ20 ಪೆಟ್ರೋಲಿಗೆ ನಿಗದಿಯಾದ ಕನಿಷ್ಠ ಆಕ್ಟೇನ್ 95 ಆಗಿದೆ.

ಅಂದರೆ, ಹಿಂದೆ ಹೆಚ್ಚಿನ ದರ ನೀಡಿ ಪಡೆಯುತ್ತಿದ್ದ 95 ಆಕ್ಟೇನ್ ಈಗ ಸಾಮಾನ್ಯ ಇ20 ಪೆಟ್ರೋಲಿನಲ್ಲಿಯೇ ದೊರೆಯುತ್ತದೆ. ಆದುದರಿಂದ 95 ದರ್ಜೆಯ ಪ್ರೀಮಿಯಂ ಪೆಟ್ರೋಲನ್ನು ಕೇವಲ ಆಕ್ಟೇನ್ ಸಲುವಾಗಿ ಖರೀದಿಸುವ ಅಗತ್ಯವು ಬಹುಮಟ್ಟಿಗೆ ಉಳಿದಿಲ್ಲ. ಪ್ರೀಮಿಯಂ ಇಂಧನಗಳಲ್ಲಿ ಇಂಜೆಕ್ಟರ್ ಮತ್ತು ವಾಲ್ವ್‌ಗಳನ್ನು ಶುಚಿಯಾಗಿಡುವ ರಾಸಾಯನಿಕಗಳನ್ನು ಬೆರೆಸಲಾಗಿರುತ್ತದೆ. ಇದು ಉಪಯುಕ್ತವಾದರೂ ಪ್ರತಿ ಲೀಟರಿಗೂ ಹೆಚ್ಚಿನ ದರ ತೆರುವಷ್ಟು ಲಾಭ ಇದರಿಂದ ಇದೆಯೇ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

5. ಲೆಕ್ಕಾಚಾರ

ಸುಲಭವಾಗಿ ಅರ್ಥವಾಗಲೆಂದು ಈ ಕೆಳಗಿನ ಉದಾಹರಣೆಯಲ್ಲಿ ದರಗಳನ್ನು ಊಹಿಸಿಕೊಳ್ಳಲಾಗಿದೆ.

ಸಾಮಾನ್ಯ ಪೆಟ್ರೋಲ್: ಲೀಟರಿಗೆ ರೂ. 100
ಪ್ರೀಮಿಯಂ ಪೆಟ್ರೋಲ್: ಲೀಟರಿಗೆ ರೂ. 108
ಬಳಕೆ: ದಿನಕ್ಕೆ 8 ಲೀಟರ್‌ನಂತೆ 25 ದಿನಕ್ಕೆ 200 ಲೀಟರ್
ಹೆಚ್ಚುವರಿ ವೆಚ್ಚ: ತಿಂಗಳಿಗೆ ರೂ. 1,600, ವರ್ಷಕ್ಕೆ ರೂ. 19,200

ಸಾಮಾನ್ಯ ಪೆಟ್ರೋಲಿನಲ್ಲಿ ಲೀಟರಿಗೆ 15 ಕಿ.ಮೀ. ಓಡುವ ವಾಹನವು ಪ್ರೀಮಿಯಂ ಪೆಟ್ರೋಲಿನಲ್ಲಿ 16.2 ಕಿ.ಮೀ. ಓಡಿದರೆ ಮಾತ್ರ ವೆಚ್ಚ ಸರಿದೂಗುತ್ತದೆ. 15.3 ಕಿ.ಮೀ. ಓಡಿದಲ್ಲಿ ಮೈಲೇಜ್ ಹೆಚ್ಚಿದಂತೆ ಕಂಡರೂ ಪ್ರತಿ ಕಿಲೋಮೀಟರಿಗೆ ಸುಮಾರು 39 ಪೈಸೆ ನಷ್ಟವೇ ಆಗುತ್ತದೆ.

ಈ ಮೊತ್ತದ ತೂಕ ಸ್ಥಳೀಯರಿಗೆ ತಿಳಿದಿರುವುದೇ ಆಗಿದೆ. 2,050 ಮೆಗಾವ್ಯಾಟ್ ಸಾಮರ್ಥ್ಯದ ಪಾವಗಡ ಸೌರ ವಿದ್ಯುತ್ ಪಾರ್ಕ್‌ಗಾಗಿ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು ಮತ್ತು ಕ್ಯಾತಗಾನಚೆರ್ಲು ಗ್ರಾಮಗಳ ರೈತರು ಜಮೀನನ್ನು ಗುತ್ತಿಗೆಗೆ ನೀಡಿದಾಗ ಎಕರೆಗೆ ವಾರ್ಷಿಕವಾಗಿ ನಿಗದಿಯಾದ ಆರಂಭಿಕ ಮೊತ್ತ ರೂ. 21,000. ಮೇಲಿನ ಉದಾಹರಣೆಯಲ್ಲಿನ ಹೆಚ್ಚುವರಿ ವೆಚ್ಚವು ಹೆಚ್ಚೂಕಡಿಮೆ ಒಂದು ಎಕರೆಯ ಆ ಗುತ್ತಿಗೆ ಹಣಕ್ಕೆ ಸಮನಾಗುತ್ತದೆ.

ತಮ್ಮ ವಾಹನದ ಲೆಕ್ಕ ತಿಳಿಯಲು ಮಾಲೀಕರು ಒಂದೇ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿ, ಅದೇ ಮಾರ್ಗದಲ್ಲಿ, ಅದೇ ಪ್ರಮಾಣದ ಸರಕಿನೊಂದಿಗೆ ಪ್ರತಿಯೊಂದು ಇಂಧನದಲ್ಲಿ ಕನಿಷ್ಠ 3 ಟ್ಯಾಂಕ್‌ಗಳಷ್ಟು ಓಡಿಸಿ, ಕಿಲೋಮೀಟರ್ ಮತ್ತು ಲೀಟರ್‌ಗಳನ್ನು ಬರೆದಿಡುವುದು ಸೂಕ್ತ.

6. ಮೈಲೇಜ್ ಕಡಿಮೆಯಾದಲ್ಲಿ

ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿಯು ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ನೀತಿ ಆಯೋಗವು 2021 ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಅಂದಾಜಿನಂತೆ, ಎಥನಾಲ್ ರಹಿತ ಪೆಟ್ರೋಲಿಗಾಗಿ ವಿನ್ಯಾಸಗೊಳಿಸಿ ಇ10 ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಇ20 ಬಳಸಿದಾಗ ಇಂಧನ ದಕ್ಷತೆ ಶೇ. 6 ರಿಂದ 7 ರಷ್ಟು, ಇ10 ಕ್ಕಾಗಿ ವಿನ್ಯಾಸಗೊಳಿಸಿ ಇ20 ಕ್ಕೆ ಹೊಂದಿಸಿದ ವಾಹನಗಳಲ್ಲಿ ಶೇ. 1 ರಿಂದ 2 ರಷ್ಟು ಕಡಿಮೆಯಾಗಬಹುದು. ಹಳೆಯ ವಾಹನಗಳ ರಬ್ಬರ್ ಪೈಪ್ ಮತ್ತು ಗ್ಯಾಸ್ಕೆಟ್‌ಗಳನ್ನು ಸರ್ವಿಸ್ ಸಮಯದಲ್ಲಿ ಪರೀಕ್ಷಿಸಿಕೊಳ್ಳುವುದು ಅವಶ್ಯಕ. ಪ್ರೀಮಿಯಂ ಎಂಬ ಹೆಸರಿದ್ದ ಮಾತ್ರಕ್ಕೆ ಆ ಪೆಟ್ರೋಲಿನಲ್ಲಿ ಎಥನಾಲ್ ಇರುವುದಿಲ್ಲವೆಂದು ಭಾವಿಸಬಾರದು. ಬಂಕ್‌ನಲ್ಲಿ ವಿಚಾರಿಸಿ ತಿಳಿಯತಕ್ಕದ್ದು.

7. ಹೆಚ್ಚಿನ ಆಕ್ಟೇನ್ ಯಾವಾಗ ಅವಶ್ಯಕ?

ಅ) ವಾಹನದ ಕೈಪಿಡಿಯಲ್ಲಿ ಅಥವಾ ಇಂಧನ ಮುಚ್ಚಳದ ಒಳಭಾಗದಲ್ಲಿ ತಯಾರಕರು ಹೆಚ್ಚಿನ ಆಕ್ಟೇನ್ ಕಡ್ಡಾಯವೆಂದು ಸೂಚಿಸಿದ್ದಲ್ಲಿ ಅದನ್ನೇ ಬಳಸತಕ್ಕದ್ದು.

ಆ) ಸರಕು ತುಂಬಿ ಏರು ಹತ್ತುವಾಗ ನಾಕಿಂಗ್ ಸದ್ದು ಕೇಳಿಬಂದಲ್ಲಿ ಮೊದಲು ಸ್ಪಾರ್ಕ್ ಪ್ಲಗ್, ಕೂಲಂಟ್ ಮತ್ತು ಎಂಜಿನ್ನಿನಲ್ಲಿ ಕಟ್ಟಿರುವ ಇಂಗಾಲವನ್ನು ಪರೀಕ್ಷಿಸಬೇಕು. ಅನುಮತಿಗಿಂತ ಹೆಚ್ಚು ಭಾರ ಹೇರಿರುವುದೂ ಕಾರಣವಾಗಿರಬಹುದು. ಅಧಿಕ ಭಾರವು ಮೋಟಾರು ವಾಹನ ಕಾಯ್ದೆಯಡಿ ಅಪರಾಧವೂ ಆಗಿದೆ. ದೋಷವನ್ನು ಸರಿಪಡಿಸದೆ ದುಬಾರಿ ಪೆಟ್ರೋಲ್ ಹಾಕುವುದರಿಂದ ಸದ್ದು ತಾತ್ಕಾಲಿಕವಾಗಿ ಅಡಗಬಹುದೇ ಹೊರತು ದೋಷ ನಿವಾರಣೆಯಾಗುವುದಿಲ್ಲ.

8. ಬಂಕ್‌ನಲ್ಲಿ ಗ್ರಾಹಕರ ಹಕ್ಕುಗಳು

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ರನ್ವಯ ಸರಕಿನ ಗುಣಮಟ್ಟ, ಪ್ರಮಾಣ ಮತ್ತು ದರದ ಬಗ್ಗೆ ಮಾಹಿತಿ ಪಡೆಯುವುದು ಗ್ರಾಹಕರ ಹಕ್ಕಾಗಿರುತ್ತದೆ.

- ಇಂಧನ ತುಂಬಿಸುವ ಮುನ್ನ ಯಾವ ಪೆಟ್ರೋಲ್ ಬೇಕೆಂದು ಸ್ಪಷ್ಟವಾಗಿ ತಿಳಿಸುವುದು ಹಾಗೂ ಯಂತ್ರದಲ್ಲಿನ ಹೆಸರು, ದರ ಮತ್ತು ಸೊನ್ನೆಯನ್ನು ಗಮನಿಸುವುದು.
- ಇಂಧನದ ಹೆಸರು, ಲೀಟರ್ ಮತ್ತು ದರ ನಮೂದಾಗಿರುವ ರಸೀದಿ ಪಡೆಯುವುದು.
- ಅಳತೆಯ ಬಗ್ಗೆ ಸಂಶಯವಿದ್ದಲ್ಲಿ ಮುದ್ರೆಯುಳ್ಳ 5 ಲೀಟರ್ ಅಳತೆ ಪಾತ್ರೆಯಿಂದ ಪರೀಕ್ಷಿಸುವಂತೆ ಕೋರುವುದು.
- ಕಲಬೆರಕೆಯ ಸಂಶಯವಿದ್ದಲ್ಲಿ ಫಿಲ್ಟರ್ ಕಾಗದ ಕೋರುವುದು. ಅದರ ಮೇಲೆ ಹಾಕಿದ ಪೆಟ್ರೋಲ್ ಹನಿಯು ಸುಮಾರು 2 ನಿಮಿಷದೊಳಗೆ ಕಲೆ ಉಳಿಸದೆ ಆವಿಯಾಗಬೇಕು.
- ಸಾಂದ್ರತೆಯ ಪರೀಕ್ಷೆಯನ್ನೂ ಕೋರಬಹುದು.

ರಾಜ್ಯಗಳ ಮಾರಾಟ ತೆರಿಗೆ ಬೇರೆ ಬೇರೆಯಾಗಿರುವುದರಿಂದ ಗಡಿಯ ಎರಡೂ ಕಡೆ ದರದಲ್ಲಿ ವ್ಯತ್ಯಾಸವಿರುತ್ತದೆ. ಗಡಿ ದಾಟುವ ಚಾಲಕರು ಎರಡೂ ಕಡೆಯ ಅಂದಿನ ದರಗಳನ್ನು ಹೋಲಿಸಿ ನೋಡುವುದು ಲಾಭದಾಯಕ.

9. ದೂರು ಸಲ್ಲಿಸುವ ವಿಧಾನ

ಅಳತೆಯಲ್ಲಿ ಕೊರತೆ ಕಂಡುಬಂದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಗುಣಮಟ್ಟದ ಕುರಿತು ಬಂಕ್‌ನ ದೂರು ಪುಸ್ತಕದಲ್ಲಿ ಹಾಗೂ ಸಂಬಂಧಿಸಿದ ತೈಲ ಕಂಪನಿಗೆ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ಪರಿಹಾರ ದೊರೆಯದಿದ್ದಲ್ಲಿ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೌಲ್ಯ ರೂ. 5 ಲಕ್ಷ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ದೂರಿನೊಂದಿಗೆ ರಸೀದಿಯ ಪ್ರತಿ, ದಿನಾಂಕ, ಸಮಯ ಹಾಗೂ ವಾಹನದ ಸಂಖ್ಯೆಯನ್ನು ಒದಗಿಸತಕ್ಕದ್ದು.

10. ಸಾರಾಂಶ

ತಯಾರಕರು ಸೂಚಿಸಿದ ಆಕ್ಟೇನ್ ಸಾಮಾನ್ಯ ಪೆಟ್ರೋಲಿನಲ್ಲಿ ದೊರೆಯುತ್ತಿರುವಾಗ ಪ್ರೀಮಿಯಂ ಪೆಟ್ರೋಲ್ ಬಳಕೆಯು ಗ್ರಾಹಕರ ಆಯ್ಕೆಯೇ ಹೊರತು ಅವಶ್ಯಕತೆಯಲ್ಲ. ಉಳಿತಾಯವಾದ ಹಣವನ್ನು ಸಕಾಲಿಕ ಸರ್ವಿಸ್, ಟೈರಿನ ಗಾಳಿ ಮತ್ತು ಏರ್ ಫಿಲ್ಟರ್ ನಿರ್ವಹಣೆಗೆ ಬಳಸಿದಲ್ಲಿ ವಾಹನಕ್ಕೂ ಮಾಲೀಕರಿಗೂ ಹೆಚ್ಚಿನ ಪ್ರಯೋಜನವಾಗುತ್ತದೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.