ಉತ್ತತ್ತಿಯಲ್ಲಿ ಹುಳು ಕಂಡರೆ ಕಾನೂನು ಏನು ಮಾಡುತ್ತದೆ?

ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ ಕೊಟ್ಟೂರಿನಲ್ಲಿ ಉತ್ತತ್ತಿ, ಒಣದ್ರಾಕ್ಷಿಯ ವ್ಯಾಪಾರ ಜೋರು. ತೇರಿಗೆ ಎಸೆದು ಉಳಿದದ್ದು ಮನೆಗೆ ಬಂದು ಮಕ್ಕಳ ಕೈ ಸೇರುತ್ತದೆ, ಬಾಣಂತಿಯ ಅಂಟಿನುಂಡಿಗೂ ಬೀಳುತ್ತದೆ. ಬಿಡಿಸಿದಾಗ ಒಳಗೆ ಹುಳುವೋ ಬೂಷ್ಟೋ ಕಂಡರೆ ಅಂಗಡಿಯವನನ್ನು ಬೈದು ತಿಪ್ಪೆಗೆ ಎಸೆಯುತ್ತೇವೆ. ಅಲ್ಲಿಗೆ ಸಾಕ್ಷ್ಯವೂ ತಿಪ್ಪೆ ಸೇರಿತು.

ಹುಳು ಕಣ್ಣಿಗೆ ಕಾಣುತ್ತದೆ. ಆದರೆ ತೇವ ತಗುಲಿದ ಒಣಹಣ್ಣಿನ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ಉಂಟುಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಕಾಣುವುದಿಲ್ಲ. ತೊಳೆದರೂ ಹುರಿದರೂ ಅದು ಪೂರ್ತಿ ಹೋಗದು; ಬಹುಕಾಲ ಹೊಟ್ಟೆ ಸೇರಿದರೆ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಅದನ್ನು ಪತ್ತೆ ಹಚ್ಚಲು ಪ್ರಯೋಗಾಲಯವೇ ಬೇಕು.

1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಕಾಲದಲ್ಲಿ ಹುಳು ಹಿಡಿದ ಗೋಡಂಬಿಯ ಮೊಕದ್ದಮೆಯೊಂದು ದೆಹಲಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹುಳು ಹಿಡಿದಿದೆ ಎಂದು ತೋರಿಸಿದರೆ ಸಾಕು, ತಿನ್ನಲು ಯೋಗ್ಯವಲ್ಲವೆಂದು ಬೇರೆಯಾಗಿ ರುಜುವಾತು ಮಾಡಬೇಕಿಲ್ಲ ಎಂದು 1979ರಲ್ಲಿ ನ್ಯಾಯಾಲಯ ಹೇಳಿತು. 2011ರ ಆಗಸ್ಟ್ 5ರಿಂದ ಆ ಕಾಯ್ದೆಯ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದಿದೆ. ಆರೋಗ್ಯಕ್ಕೆ ಹಾನಿಯಾಗುವಂತೆ ಹುಳು ಹಿಡಿದ ಪದಾರ್ಥ ಇದರ ಪ್ರಕಾರ ಅಸುರಕ್ಷಿತ ಆಹಾರ. ಅದರಿಂದ ಸಾವು ಸಂಭವಿಸಿದರೆ 7 ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ, ಜೀವಾವಧಿಯವರೆಗೂ ಆಗಬಹುದು. ಜಾತ್ರೆಯ ತಾತ್ಕಾಲಿಕ ಅಂಗಡಿಯವರೂ ಈ ಕಾಯ್ದೆಯಡಿ ನೋಂದಣಿ ಮಾಡಿಸಬೇಕು.

ಶಿಕ್ಷೆ ಎಷ್ಟೇ ದೊಡ್ಡದಿರಲಿ, ಎಲ್ಲವೂ ನಿಂತಿರುವುದು ಮಾದರಿಯ ಮೇಲೆ. ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಯವರಿಗೆ ನೋಟಿಸು ಕೊಟ್ಟು ಮಾದರಿ ತೆಗೆದು, ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ. ಎರಡು ಭಾಗ ಮೇಲಧಿಕಾರಿಯ ಬಳಿ. ವ್ಯಾಪಾರಿ ಕೇಳಿದರೆ ನಾಲ್ಕನೆಯದು ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ವರದಿಯನ್ನು ಒಪ್ಪದ ವ್ಯಾಪಾರಿ ಮೇಲ್ಮನವಿ ಸಲ್ಲಿಸಿದರೆ ಮೈಸೂರಿನ ಸಿಎಫ್‌ಟಿಆರ್‌ಐನಂಥ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ನಡೆಯಬಹುದು. ಈ ಕ್ರಮ ತಪ್ಪಿದರೆ ನ್ಯಾಯಾಲಯದಲ್ಲಿ ಪ್ರಕರಣ ಬಿದ್ದುಹೋಗುವ ಸಂಭವವುಂಟು.

ಕೊಳ್ಳುವ ನಿಮಗೂ ಒಂದು ಹಕ್ಕಿದೆ. ಕಾಯ್ದೆಯ 40ನೇ ಕಲಮಿನ ಪ್ರಕಾರ ಶುಲ್ಕ ಕಟ್ಟಿ ನೀವೇ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಆದರೆ ಪರೀಕ್ಷೆಗೆ ಕಳುಹಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಮನೆಗೆ ಬಂದ ಮೇಲೆ ನೆನಪಾದರೆ ಈ ಕಲಮು ನೆರವಿಗೆ ಬಾರದು. ಆಗ ಉಳಿದಿರುವ ದಾರಿ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡುವುದು.

ಆದ್ದರಿಂದ ಒಣಹಣ್ಣು ಕೊಂಡಾಗ ಚೀಟಿ ಕೇಳಿ ಪಡೆಯಿರಿ. ಪೊಟ್ಟಣವಾದರೆ ಅದರ ಮೇಲಿನ 14 ಅಂಕಿಯ ಪರವಾನಗಿ ಸಂಖ್ಯೆ ನೋಡಿಕೊಳ್ಳಿ. ಹುಳು ಕಂಡರೆ ಎಸೆಯದೆ ಕಟ್ಟಿಟ್ಟು, ಅಂಗಡಿ ಎತ್ತುವ ಮುನ್ನವೇ ದೂರು ಕೊಡಿ. ತೇರು ಮುಗಿದು ಅಂಗಡಿ ಎತ್ತಿದ ಮೇಲೆ ಮಾದರಿ ತೆಗೆಯಲು ಅಲ್ಲಿ ಉತ್ತತ್ತಿಯೂ ಇರುವುದಿಲ್ಲ, ಮಾರಿದವರೂ ಸಿಗುವುದಿಲ್ಲ.