ಹೆಸರು ಎಂಪಿ4, ಒಳಗಿರುವುದು ಬೇರೆ

ಮದುವೆಯ ವಿಡಿಯೊ ಫೋನಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಅದೇ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಹಳೆಯ ಟಿವಿಗೆ ಚುಚ್ಚಿದರೆ ಧ್ವನಿ ಮಾತ್ರ ಬರುತ್ತದೆ, ಪರದೆ ಕಪ್ಪು. ‘ಫೈಲ್ ಕರಪ್ಟ್ ಆಗಿದೆ’ ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಮನೆಯಲ್ಲೊಬ್ಬರು ಕನ್ವರ್ಟರ್ ಹುಡುಕಲು ಕೂರುತ್ತಾರೆ. ಎರಡೂ ಅವಸರದ ಕೆಲಸವೇ. ಧ್ವನಿ ಕೇಳುತ್ತಿದೆಯೆಂದರೆ ಫೈಲ್ ತೆರೆದುಕೊಂಡಿದೆ. ಟಿವಿಗೆ ತಿಳಿಯದಿರುವುದು ಒಳಗಿನ ಚಿತ್ರವನ್ನು ಬಿಡಿಸುವ ಬಗೆ. ಎಂಪಿ4 ಎಂಬುದು ಡಬ್ಬಿಯ ಹೆಸರು, ಒಳಗಿನ ತಿಂಡಿಯದಲ್ಲ. ವಿಡಿಯೊ ತೆರೆಯದಿದ್ದಾಗ ನೋಡಬೇಕಾದ್ದು ಚುಕ್ಕಿಯ ಮುಂದಿನ ಅಕ್ಷರಗಳನ್ನಲ್ಲ, ಕೋಡೆಕ್ಕನ್ನು, ಅಂದರೆ ಚಿತ್ರವನ್ನು ಕುಗ್ಗಿಸಿರುವ ವಿಧಾನವನ್ನು.

ಇಷ್ಟೆಲ್ಲ ಕುಗ್ಗಿಸುವುದು ಯಾಕೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಚುಕ್ಕಿಗೆ 3 ಬೈಟ್ ಹಿಡಿದರೆ ಒಂದು ಫ್ರೇಮಿಗೇ ಸುಮಾರು 6.2 ಎಂಬಿ, ಸೆಕೆಂಡಿಗೆ 25 ಫ್ರೇಮಿನಂತೆ ಒಂದು ನಿಮಿಷಕ್ಕೆ 9 ಜಿಬಿಗೂ ಹೆಚ್ಚು. ಹಾಗಾಗಿ ಕೋಡೆಕ್ ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಇಟ್ಟುಕೊಳ್ಳುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಇಡೀ ಚಿತ್ರ. ನಡುವಿನವುಗಳಲ್ಲಿ ಏನು ಬದಲಾಯಿತು, ಯಾವ ತುಣುಕು ಎತ್ತ ಸರಿಯಿತು ಎಂಬುದಷ್ಟೇ. ಮಂಟಪದ ಹಿಂದಿನ ಪರದೆ ಅಲ್ಲಾಡದಿದ್ದರೆ ಅದನ್ನು ಮತ್ತೆ ಮತ್ತೆ ಬರೆಯಬೇಕಿಲ್ಲ. ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮಗಳನ್ನು ಕೋಡೆಕ್ ಬಿಟ್ಟೇಬಿಡುತ್ತದೆ. ಬಿಟ್ಟದ್ದು ಮತ್ತೆ ಸಿಗುವುದಿಲ್ಲ. 2003ರಲ್ಲಿ ಬಂದ ಎಚ್.264 ಇಂದಿಗೂ ಹೆಚ್ಚುಕಡಿಮೆ ಎಲ್ಲ ಸಾಧನಗಳಿಗೂ ಗೊತ್ತು. 2013ರ ಎಚ್‌ಇವಿಸಿ ಅದೇ ಗುಣಮಟ್ಟವನ್ನು ಇನ್ನೂ ಕಡಿಮೆ ಜಾಗದಲ್ಲಿ ಕೊಡುತ್ತದೆ. 2017ರಿಂದ ಐಫೋನ್‌ಗಳು ಅದನ್ನು ಬಳಸತೊಡಗಿದವು. ಎರಡೂ ಎಂಪಿ4 ಒಳಗೆ ಕೂರುತ್ತವೆ, ಹೊರಗಿನ ಹೆಸರಿನಲ್ಲಿ ವ್ಯತ್ಯಾಸವೇ ಕಾಣದು. ಹಳೆಯ ಟಿವಿಗೆ ಸಾಮಾನ್ಯವಾಗಿ ತಿಳಿದಿರುವುದು ಮೊದಲನೆಯದು ಮಾತ್ರ.

ಡಬ್ಬಿಗೂ ತನ್ನದೇ ಕೆಲಸವಿದೆ. ಆಪಲ್‌ನ ಕ್ವಿಕ್‌ಟೈಮ್ ವಿನ್ಯಾಸದಿಂದ ಬೆಳೆದ ಎಂಪಿ4, ಚಿತ್ರ, ಧ್ವನಿ, ಸಬ್‌ಟೈಟಲ್‌ಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಗೋಜಲು ಚಿಹ್ನೆಗಳ ನಡುವೆ, ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ, ಎಫ್‌ಟಿವೈಪಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪ್ಲೇಯರ್ ಡಬ್ಬಿಯ ಜಾತಿ ಗುರುತಿಸುವುದು ಅಲ್ಲಿಂದ. ‘ಮೂವ್’ ಎಂಬ ಇನ್ನೊಂದು ಭಾಗದಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿ ಇರುತ್ತದೆ. ಕ್ಯಾಮೆರಾಗಳು ಅದನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದ ಮೇಲೆ ಬರೆಯುತ್ತವೆ. ನಡುವೆ ಬ್ಯಾಟರಿ ಸತ್ತರೆ ಚಿತ್ರವೆಲ್ಲ ಇದ್ದೂ ಸೂಚಿ ಇಲ್ಲದ ಫೈಲ್ ಉಳಿಯುತ್ತದೆ, ತೆರೆಯುವುದಿಲ್ಲ. ಕರಪ್ಟ್ ಎಂಬ ಮಾತು ನಿಜಕ್ಕೂ ಸಲ್ಲುವುದು ಇಲ್ಲಿ. ಆಗಲೂ ಆಸೆ ಬಿಡಬೇಕಿಲ್ಲ: ಅದೇ ಫೋನಿನಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಇನ್ನೊಂದು ಸರಿಯಾದ ವಿಡಿಯೊವನ್ನು ಮಾದರಿಯಾಗಿಟ್ಟುಕೊಂಡು ಸೂಚಿಯನ್ನು ಮತ್ತೆ ಕಟ್ಟಿಕೊಡುವ ತಂತ್ರಾಂಶಗಳಿವೆ.

‘ಇಷ್ಟೆಲ್ಲ ಯಾರಿಗೆ ಬೇಕು, ಕನ್ವರ್ಟ್ ಮಾಡಿದರೆ ಮುಗಿಯಿತಲ್ಲ’ ಎನ್ನಬಹುದು. ಮುಗಿಯುತ್ತದೆ, ಆದರೆ ಪುಕ್ಕಟೆಯಾಗಲ್ಲ. ಒಮ್ಮೆ ಕುಗ್ಗಿಸಿದ್ದನ್ನು ಬಿಡಿಸಿ ಮತ್ತೆ ಕುಗ್ಗಿಸಿದಾಗ ಇನ್ನಷ್ಟು ಸೂಕ್ಷ್ಮಗಳು ಹೋಗುತ್ತವೆ. ಆನ್‌ಲೈನ್ ಕನ್ವರ್ಟರ್ ಆದರೆ ಮನೆಯ ವಿಡಿಯೊ ಗುರುತಿಲ್ಲದವರ ಸರ್ವರ್‌ಗೂ ಹೋಗುತ್ತದೆ. ಮೊದಲು ವಿಎಲ್‌ಸಿಯಲ್ಲಿ ತೆರೆದು ನೋಡುವುದು ಮೇಲು. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ವಿದ್ಯಾರ್ಥಿಗಳ ಯೋಜನೆಯಾಗಿ ಶುರುವಾದ ಈ ಉಚಿತ ಪ್ಲೇಯರ್ ಬೇಕಾದ ಕೋಡೆಕ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿದೆ. ಅದರಲ್ಲಿ ಓಡಿದರೆ ಫೈಲ್ ಬಹುಮಟ್ಟಿಗೆ ಸರಿಯಿದೆ. ಟೂಲ್ಸ್ ಮೆನುವಿನಲ್ಲಿ ಕೋಡೆಕ್ ಹೆಸರೂ ಸಿಗುತ್ತದೆ. ಎಂಕೆವಿ ಡಬ್ಬಿ ಮಾತ್ರ ಟಿವಿಗೆ ಒಗ್ಗದಿದ್ದು, ಒಳಗಿರುವುದು ಎಚ್.264 ಆಗಿದ್ದರೆ, ಎಫ್‌ಎಫ್‌ಎಂಪೆಗ್‌ನಂಥ ಸಾಧನ ಚಿತ್ರವನ್ನು ಮುಟ್ಟದೆ ಎಂಪಿ4ಗೆ ವರ್ಗಾಯಿಸುತ್ತದೆ. ಗುಣಮಟ್ಟ ಕೂದಲೆಳೆಯಷ್ಟೂ ಕುಗ್ಗದು, ಸಮಯವೂ ಸಾಮಾನ್ಯವಾಗಿ ಕೆಲವೇ ಸೆಕೆಂಡು. ಎಂಕೆವಿ ಎಂಬುದನ್ನು ಅಳಿಸಿ ಎಂಪಿ4 ಎಂದು ಬರೆಯುವ ಉಪಾಯದಿಂದ ಮಾತ್ರ ಒಳಗೆ ಏನೂ ಬದಲಾಗದು.

ಹಾಗಾದರೆ ಜಗತ್ತಿಗೆಲ್ಲ ಒಂದೇ ಕೋಡೆಕ್ ಇಟ್ಟುಕೊಳ್ಳಬಾರದೇ? ಅಡ್ಡಿಯ ಬಹುಪಾಲು ದುಡ್ಡಿನದು. ಎಚ್‌ಇವಿಸಿ ಮೇಲೆ ಹಲವು ಕಂಪನಿಗಳ ಪೇಟೆಂಟ್‌ಗಳಿವೆ. ಎಷ್ಟೋ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಅದನ್ನು ನೋಡಲು ಪ್ರತ್ಯೇಕ ಎಕ್ಸ್‌ಟೆನ್ಶನ್ ಬೇಕಾಗುವುದು ಇದರಿಂದಲೇ. ರಾಯಲ್ಟಿಯ ಗೋಜಿಲ್ಲದಿರಲಿ ಎಂದು ಗೂಗಲ್, ಅಮೆಜಾನ್, ನೆಟ್‌ಫ್ಲಿಕ್ಸ್ ಮೊದಲಾದವು ಕೂಡಿ 2018ರಲ್ಲಿ ಎವಿ1 ತಂದವು. ಅದೂ ಎಂಪಿ4 ಒಳಗೇ ಕೂರಬಲ್ಲದು, ಅದನ್ನು ಬಿಡಿಸಲಾರದ ಟಿವಿಗಳು ಇನ್ನೂ ಮನೆಮನೆಯಲ್ಲಿವೆ. ಮದುವೆಯ ವಿಡಿಯೊವನ್ನು ಅಂಥ ಟಿವಿಯಲ್ಲೇ ನೋಡಬೇಕಿದ್ದರೆ ಎಚ್.264ನ ಇನ್ನೊಂದು ಪ್ರತಿ ಮಾಡಿಕೊಳ್ಳಬಹುದು, ಮೂಲವನ್ನು ಅಳಿಸದೆ.