ಬಾಣಂತಿಯ ತಟ್ಟೆ, ಹತ್ತನೇ ವಾರದ ಕೂಸು

ಎರಡು ಮೂರು ತಿಂಗಳ ಕೂಸು. ತಾಯಿಯ ಹಾಲು ಬಿಟ್ಟರೆ ಬೇರೇನೂ ಬಾಯಿಗೆ ಹೋಗಿಲ್ಲ. ಮೈಕೈ ತುಂಬಿಕೊಂಡಿದೆ, ನಿನ್ನೆಯವರೆಗೆ ಕಾಲು ಬಡಿದು ಆಡುತ್ತಿತ್ತು. ಇವತ್ತು ಮೊಲೆ ಹಿಡಿಯುತ್ತಿಲ್ಲ. ಕುಡಿದದ್ದನ್ನು ಕಕ್ಕುತ್ತದೆ, ಏದುಸಿರು ಬಿಡುತ್ತದೆ. ಅಳುವುದೇನೋ ಅಳುತ್ತದೆ, ಆದರೆ ದನಿ ಗೊಗ್ಗರಾಗಿ ಅರ್ಧಕ್ಕೇ ನಿಂತುಬಿಡುತ್ತದೆ. ಮನೆಯವರು ಕಫ ಎಂದುಕೊಳ್ಳುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಆಸ್ಪತ್ರೆಗೆ ಒಯ್ದರೂ ನ್ಯುಮೋನಿಯಾ ಎಂದೋ ರಕ್ತಕ್ಕೆ ಸೋಂಕು ಎಂದೋ ಚಿಕಿತ್ಸೆ ಶುರುವಾಗಬಹುದು. ನಿಜವಾಗಿ ಸೋಲುತ್ತಿರುವುದು ಹೃದಯ. ಮೈಯಲ್ಲಿ ಇಲ್ಲದಿರುವುದು ಥಯಾಮಿನ್ ಎಂಬ ಜೀವಸತ್ವ, ಅಂದರೆ ಬಿ1. ಹೊತ್ತಿಗೆ ಸರಿಯಾಗಿ ಅದರ ಇಂಜೆಕ್ಷನ್ ಬಿದ್ದರೆ ಕೆಲವೇ ಗಂಟೆಗಳಲ್ಲಿ ಕೂಸು ಚೇತರಿಸಿಕೊಳ್ಳತೊಡಗುತ್ತದೆ. ಬೀಳದಿದ್ದರೆ ಉಳಿಯುವುದು ಕಷ್ಟ. ಇದು ಶಿಶುಗಳ ಬೆರಿಬೆರಿ.

ಭಾರತದಲ್ಲಿ ಈ ರೋಗ ಬೇರೂರಿದ್ದದ್ದು ಆಂಧ್ರದ ಕರಾವಳಿಯಲ್ಲಿ. ವಿಶಾಖಪಟ್ಟಣದ ಕಡೆಯಿಂದ ಗೋದಾವರಿ, ಕೃಷ್ಣಾ ಸೀಮೆಗಳನ್ನು ಹಾಯ್ದು ನೆಲ್ಲೂರಿನವರೆಗೆ ಚಾಚಿದ್ದ ಈ ಪಟ್ಟಿಯನ್ನು ಬ್ರಿಟಿಷರ ಕಾಲದ ವೈದ್ಯರು ಬೆರಿಬೆರಿ ಪ್ರದೇಶವೆಂದೇ ಗುರುತಿಸಿದ್ದರು. ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲಿ ಕುಳಿತು ವೈದ್ಯ ಸಂಶೋಧಕ ರಾಬರ್ಟ್ ಮೆಕ್ಯಾರಿಸನ್ 1920ರ ದಶಕದಲ್ಲಿ ಅಕ್ಕಿಗೂ ಈ ರೋಗಕ್ಕೂ ಇರುವ ನಂಟನ್ನು ಅಧ್ಯಯನ ಮಾಡಿದರು. ಅವರ ನಂತರ ಅದೇ ಪ್ರಯೋಗಾಲಯದ ನಿರ್ದೇಶಕರಾದ ವ್ಯಾಲೇಸ್ ಐಕ್ರಾಯ್ಡ್, ಕೃಷ್ಣನ್ ಎಂಬ ಸಹೋದ್ಯೋಗಿಯೊಡನೆ 1941ರಲ್ಲಿ ಮದ್ರಾಸ್ ಪ್ರಾಂತ್ಯದ ಬೆರಿಬೆರಿ ಸೀಮೆಯ ಶಿಶುಮರಣದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಹುಟ್ಟಿದ ಮೊದಲ ತಿಂಗಳಲ್ಲಿ ಶಿಶುಗಳು ಹೆಚ್ಚು ಸಾಯುವುದು ಆಗ ಎಲ್ಲ ಕಡೆಯೂ ಇದ್ದ ಸಂಗತಿ. ಈ ಸೀಮೆಯಲ್ಲಿ ಮೊದಲ ತಿಂಗಳನ್ನು ದಾಟಿ ಬದುಕಿದ ಕೂಸುಗಳೂ ಮುಂದಿನ ಕೆಲವು ತಿಂಗಳಲ್ಲಿ ಹೆಚ್ಚಾಗಿ ಸಾಯುತ್ತಿದ್ದವು. ಯಾವ ವಯಸ್ಸಿನ ಕೂಸು ಸತ್ತಿತು ಎಂಬ ಲೆಕ್ಕವೇ ಕಾರಣದ ಕಡೆಗೆ ಬೆರಳು ತೋರಿಸಿತು.

ಕಾರಣದ ಬೇರು ಒಂದು ಲೆಕ್ಕದಲ್ಲಿ ಅಭಿವೃದ್ಧಿಯಲ್ಲೇ ಇತ್ತು. ಧವಳೇಶ್ವರದಲ್ಲಿ ಗೋದಾವರಿಗೆ 1852ರಲ್ಲಿ, ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಕೃಷ್ಣೆಗೆ 1855ರಲ್ಲಿ ಅಣೆಕಟ್ಟು ಬಿತ್ತು. ಕಾಲುವೆಗಳು ಹರಿದವು, ಭತ್ತ ಬೆಳೆಯಿತು, ಆಮೇಲೆ ಯಂತ್ರದ ಗಿರಣಿಗಳು ಬಂದವು. ಒರಳಿನಲ್ಲಿ ಕುಟ್ಟಿದ ಅಕ್ಕಿಯ ಮೇಲೆ ಅಷ್ಟಿಷ್ಟು ತೌಡು ಉಳಿಯುತ್ತಿತ್ತು. ಗಿರಣಿ ಅದನ್ನೆಲ್ಲ ಸುಲಿದು ಬೆಳ್ಳಗೆ ಮಾಡಿಕೊಟ್ಟಿತು. ಥಯಾಮಿನ್ ಇರುವುದು ಹೆಚ್ಚಾಗಿ ಆ ತೌಡಿನಲ್ಲಿ. ಉಳಿದ ಚೂರು ಅಕ್ಕಿ ತೊಳೆದ ನೀರಿನಲ್ಲೂ ಬಸಿದು ಚೆಲ್ಲಿದ ಗಂಜಿಯಲ್ಲೂ ಹೋಗುತ್ತದೆ. ನಮ್ಮ ದಕ್ಷಿಣ ಕನ್ನಡ, ಕೇರಳದ ಮಲಬಾರು ಇಂಥ ಪಿಡುಗಿನಿಂದ ಬಹುಮಟ್ಟಿಗೆ ಪಾರಾಗಲು ಕುಚ್ಚಲಕ್ಕಿಯೇ ಕಾರಣ. ಭತ್ತವನ್ನು ಹೊಟ್ಟಿನ ಸಮೇತ ಬೇಯಿಸುವಾಗ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ, ಆಮೇಲೆ ಗಿರಣಿಗೆ ಹಾಕಿದರೂ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆಂಧ್ರದ ಕರಾವಳಿ ಉಂಡದ್ದು ಹಾಗೆ ಬೇಯಿಸದೆ ಗಿರಣಿಗೆ ಹಾಕಿದ ಬೆಳ್ತಿಗೆ ಅಕ್ಕಿ.

ಲೆಕ್ಕ ಹಾಕಿ ನೋಡಿದರೆ ಅಂತರ ಗಾಬರಿ ಹುಟ್ಟಿಸುತ್ತದೆ. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಥಯಾಮಿನ್ ಇರುವುದು ಸುಮಾರು 0.05 ಮಿಲಿಗ್ರಾಂ. ಮೊಲೆಯೂಡಿಸುವ ತಾಯಿಗೆ ದಿನಕ್ಕೆ ಬೇಕಾದದ್ದು ಹೆಚ್ಚುಕಡಿಮೆ 2 ಮಿಲಿಗ್ರಾಂ. ನಾನೂರು ಗ್ರಾಂ ಅಕ್ಕಿಯ ಅನ್ನವನ್ನೇ ಉಂಡರೂ ಅದರಿಂದ ದಕ್ಕುವುದು ಬೇಕಾದದ್ದರ ಹತ್ತರಲ್ಲಿ ಒಂದು ಪಾಲು. ಬೇಳೆ, ಕಾಳು, ಸೊಪ್ಪು, ಮೊಟ್ಟೆ, ಮಾಂಸ ಜೊತೆಗಿದ್ದರೆ ಕೊರತೆ ತುಂಬಿಕೊಳ್ಳುತ್ತದೆ. ಇಲ್ಲದಿದ್ದರೆ ಮೈಯಲ್ಲಿನ ದಾಸ್ತಾನು ಎರಡು ಮೂರು ವಾರದಲ್ಲಿ ಬರಿದಾಗುತ್ತದೆ. ತಾಯಿ ಕೈಕಾಲು ಜೋಮು, ಸುಸ್ತು ಅನ್ನುತ್ತ ಓಡಾಡಿಕೊಂಡಿರಬಹುದು. ಅವಳ ಹಾಲನ್ನೇ ನಂಬಿದ ಕೂಸಿಗೆ ಆ ರಿಯಾಯಿತಿಯಿಲ್ಲ.

ಇದೆಲ್ಲ ಹಳೇ ಕಾಲದ ಕಥೆ, ಈಗ ಯಾರ ಮನೆಯಲ್ಲೂ ಅಷ್ಟು ಬಡತನವಿಲ್ಲ ಎಂದು ಹೇಳುವವರಿದ್ದಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ಹೃದಯ ತಜ್ಞರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿ, ಹೃದಯದ ಬಲಭಾಗ ಹಿಗ್ಗಿ, ಸಾವಿನ ಅಂಚಿಗೆ ಬಂದಿದ್ದ ಎಳೆಗೂಸುಗಳ ಅಧ್ಯಯನ ಅದು. ಎಲ್ಲವೂ ತಾಯಿಯ ಹಾಲನ್ನಷ್ಟೇ ಕುಡಿದವು. ಥಯಾಮಿನ್ ಕೊಟ್ಟೊಡನೆ ಬಹುಪಾಲು ಕೂಸುಗಳು ಒಂದೆರಡು ದಿನಗಳಲ್ಲೇ ಚೇತರಿಸಿಕೊಂಡವು. ತಾಯಂದಿರನ್ನು ವಿಚಾರಿಸಿದಾಗ ತಿಳಿದದ್ದು: ಬಾಣಂತನದ ಕಟ್ಟುಪಥ್ಯ, ತಟ್ಟೆಯಲ್ಲಿ ಹೆಚ್ಚಾಗಿ ಪಾಲಿಶ್ ಅಕ್ಕಿಯ ಅನ್ನ. ಹೈದರಾಬಾದಿನ ಮಕ್ಕಳ ವೈದ್ಯರೂ 2020ರ ಹೊತ್ತಿಗೆ ಇಂಥದೇ ಪ್ರಕರಣಗಳನ್ನು ವರದಿ ಮಾಡಿದ್ದರು. ರೋಗ ಹೋಗಿರಲಿಲ್ಲ, ಗುರುತಿಸುವವರು ಕಡಿಮೆಯಾಗಿದ್ದರು.

ಆ ಪಥ್ಯ ಕನ್ನಡಿಗರಿಗೆ ಗೊತ್ತಿಲ್ಲದ್ದೇನಲ್ಲ. ಬೇಳೆ ವಾಯು, ಸೊಪ್ಪು ನಂಜು, ಹಣ್ಣು ಶೀತ, ನೀರು ಹೆಚ್ಚಾದರೆ ಹೊಟ್ಟೆ ಬರುತ್ತದೆ. ಆದ್ದರಿಂದ ಬಾಣಂತಿಗೆ ಅನ್ನ, ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ. ತೆಲುಗರ ಮನೆಗಳಲ್ಲಿ ಇದಕ್ಕೆ ಪಥ್ಯಂ ಎನ್ನುತ್ತಾರೆ, ಅಲ್ಲಿಯೂ ಬೆಳ್ಳುಳ್ಳಿ ಖಾರದ ಪುಡಿ, ಒಣಶುಂಠಿ, ಬಿಸಿ ಅನ್ನ. ಇದನ್ನು ಮೂಢತನವೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಹೆತ್ತ ಹೆಣ್ಣಿಗೆ ವಿಶ್ರಾಂತಿ ಸಿಗುವುದು, ಬಿಸಿನೀರು ಎರೆಯುವ ಕೈಯೊಂದು ಇರುವುದು ಇದೇ ಆಚಾರದ ಕೊಡುಗೆ. ಉತ್ತರ ಕರ್ನಾಟಕದ ಅಂಟಿನುಂಡೆ, ಅಳ್ವಿ ಪಾಯಸಗಳನ್ನು ಯಾವ ಪೋಷಣ ತಜ್ಞರೂ ಬೇಡವೆನ್ನಲಾರರು. ಕೆಡುಕಿರುವುದು ಪಟ್ಟಿಯಿಂದ ಒಂದೊಂದೇ ಪದಾರ್ಥ ಕಳಚಿ ಕೊನೆಗೆ ಬಿಳಿಯನ್ನವೊಂದೇ ಉಳಿದಾಗ. ಹೀಗೆ ಏನು ಉಳಿಯಿತು, ಏನು ಕಳಚಿತು ಎಂಬುದು ವೈದ್ಯರ ಕೋಣೆಯಲ್ಲಿ ಕುಳಿತು ತಿಳಿಯುವ ವಿಷಯವಲ್ಲ. ಅಡುಗೆಮನೆಯ ಬಾಗಿಲವರೆಗೆ ಹೋಗಬಲ್ಲವರು ಬೇಕು.

ಅಲ್ಲಿಗೆ ಹೋಗಬಲ್ಲವಳು ನರ್ಸು.

ಈ ಮಾತನ್ನು ಚೆನ್ನಾಗಿ ಅರಿತ ದೇಶ ದಕ್ಷಿಣ ಕೊರಿಯಾ. ಅಲ್ಲಿ ಹೆರಿಗೆಯ ನಂತರದ ಆರೈಕೆಗೆ ಸನ್ಹುಜೊರಿ ಎನ್ನುತ್ತಾರೆ. ಏಳರ ಮೂರು ಪಟ್ಟು, ಇಪ್ಪತ್ತೊಂದು ದಿನ, ತಾಯಿಯನ್ನು ಬೆಚ್ಚಗಿಡುವುದು, ತಣ್ಣೀರು ಮುಟ್ಟಗೊಡದಿರುವುದು, ಹೊತ್ತುಹೊತ್ತಿಗೆ ಮಿಯೊಕ್‌ಗುಕ್ ಎಂಬ ಕಡಲಪಾಚಿಯ ಸಾರು ಕುಡಿಸುವುದು. ಕೊರಿಯಾದ ನರ್ಸಿಂಗ್ ಸಂಶೋಧಕಿಯರು 1990ರ ದಶಕದಿಂದಲೂ ಈ ಆಚಾರವನ್ನು ತಮ್ಮ ಅಧ್ಯಯನದ ವಿಷಯವಾಗಿ ಎತ್ತಿಕೊಂಡರು. ಬಾಣಂತಿಯನ್ನು, ಅವಳ ಅಮ್ಮನನ್ನು, ಅತ್ತೆಯನ್ನು ಕೂರಿಸಿಕೊಂಡು ಏಕೆ, ಎಷ್ಟು, ಯಾವಾಗ ಎಂದು ಕೇಳಿದರು. ಪಾಶ್ಚಾತ್ಯ ಪಠ್ಯಪುಸ್ತಕದಲ್ಲಿ ಇಲ್ಲ ಎಂಬ ಕಾರಣಕ್ಕೆ ಅದನ್ನು ಬದಿಗೆ ಸರಿಸಲಿಲ್ಲ, ನಮ್ಮ ಹಿರಿಯರದು ಎಂಬ ಕಾರಣಕ್ಕೆ ತಲೆಯ ಮೇಲೂ ಹೊರಲಿಲ್ಲ. 2009ರಲ್ಲಿ ಕೊರಿಯಾದ ವೈದ್ಯರು ಮತ್ತೊಂದು ಮಗ್ಗುಲನ್ನು ತೋರಿಸಿದರು. ಆ ಸಾರನ್ನು ಮಿತಿಮೀರಿ ಕುಡಿದ ತಾಯಂದಿರ ಹಾಲಿನಲ್ಲಿ ಅಯೋಡಿನ್ ಬಹಳ ಹೆಚ್ಚಿತ್ತು, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಥೈರಾಯ್ಡ್ ಅದರಿಂದ ಮಂದವಾಗುತ್ತಿತ್ತು. ಅಲ್ಲಿ ಒಂದು ಸತ್ವದ ಅತಿ, ಇಲ್ಲಿ ಇನ್ನೊಂದರ ಅಭಾವ. ಎರಡೂ ಕಡೆ ಕೂಸಿನ ಕಾಯಿಲೆಯ ಜಾಡು ಬಾಣಂತಿಯ ಬಟ್ಟಲಿಗೆ ಹೋಗಿ ಮುಟ್ಟುತ್ತದೆ.

ಕೊರಿಯಾ ನರ್ಸಿಗೆ ಕೊಟ್ಟದ್ದು ಪ್ರಶ್ನೆ ಕೇಳುವ ಅವಕಾಶವನ್ನಷ್ಟೇ ಅಲ್ಲ. ವೈದ್ಯರು ಹೋಗದ ಹಳ್ಳಿ, ದ್ವೀಪಗಳಿಗಾಗಿ 1980ರಲ್ಲಿ ಒಂದು ವಿಶೇಷ ಕಾಯಿದೆ ತಂದು, ಸುಮಾರು ಆರು ತಿಂಗಳ ಹೆಚ್ಚುವರಿ ತರಬೇತಿ ಪಡೆದ ನರ್ಸ್ ಅಥವಾ ಸೂಲಗಿತ್ತಿಗೆ ಸಾಮಾನ್ಯ ಕಾಯಿಲೆ ನೋಡಿ ಔಷಧಿ ಕೊಡುವ ಅಧಿಕಾರ ನೀಡಿತು. ಹಳ್ಳಿಯ ಆರೋಗ್ಯ ಠಾಣೆ ಅವಳದೇ ಹೊಣೆ. ಸಿಯೋಲ್ ನಗರವಂತೂ 2013ರಿಂದ ನರ್ಸುಗಳನ್ನು ಬಸುರಿ ಬಾಣಂತಿಯರ ಮನೆಗೇ ಕಳಿಸುವ ಕಾರ್ಯಕ್ರಮ ನಡೆಸುತ್ತಿದೆ.

ಆಂಧ್ರದಲ್ಲೂ ಮನೆ ಬಾಗಿಲಿಗೆ ಹೋಗುವವರ ಕೊರತೆಯಿಲ್ಲ. ಆಶಾ ಕಾರ್ಯಕರ್ತೆಯಿದ್ದಾಳೆ, ಅಂಗನವಾಡಿಯ ಟೀಚರಿದ್ದಾಳೆ, ಉಪಕೇಂದ್ರದ ಸಹಾಯಕ ನರ್ಸ್-ಸೂಲಗಿತ್ತಿ, ಅಂದರೆ ಎಎನ್‌ಎಂ ಇದ್ದಾಳೆ. 2018ರ ಆಯುಷ್ಮಾನ್ ಭಾರತ್ ಯೋಜನೆಯ ನಂತರ ಉಪಕೇಂದ್ರಗಳಿಗೆ ಬಿ.ಎಸ್ಸಿ. ನರ್ಸಿಂಗ್ ಓದಿದವರೂ ಬಂದಿದ್ದಾರೆ. ಕರ್ನಾಟಕದಲ್ಲಿ ಇವರನ್ನು ಸಮುದಾಯ ಆರೋಗ್ಯ ಅಧಿಕಾರಿ ಎಂದು ಕರೆಯುತ್ತೇವೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರದ ಹೆರಿಗೆಗಳಲ್ಲಿ ಶೇ. 96.5 ಆಸ್ಪತ್ರೆಯಲ್ಲೇ ಆಗುತ್ತವೆ. ಅದೇ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 58.8 ಮಂದಿಗೆ, ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 63.2ಕ್ಕೆ ರಕ್ತಹೀನತೆ. ಹೆರಿಗೆ ಆಸ್ಪತ್ರೆಗೆ ಬಂದಿದೆ, ಊಟ ಇನ್ನೂ ಸರಿಹೋಗಿಲ್ಲ.

ಭೇಟಿಗಳ ಕ್ಯಾಲೆಂಡರನ್ನು ಎದುರಿಗಿಟ್ಟುಕೊಂಡರೆ ಒಂದು ಕಂದಕ ಕಣ್ಣಿಗೆ ಬೀಳುತ್ತದೆ. ಆಸ್ಪತ್ರೆಯಲ್ಲಿ ಹೆತ್ತ ತಾಯಿಯ ಮನೆಗೆ ಆಶಾ ಹೋಗುವುದು 3, 7, 14, 21, 28 ಮತ್ತು 42ನೇ ದಿನ. ಎಳೆಯ ಮಗುವಿನ ಮುಂದಿನ ಭೇಟಿಗಳು ಮೂರು ತಿಂಗಳು ತುಂಬಿದ ಮೇಲೆ ಶುರು. ನಡುವಿನ ಆರೇಳು ವಾರ ಯಾರೂ ಮನೆಗೆ ಹೋಗಬೇಕೆಂದಿಲ್ಲ. ಶಿಶು ಬೆರಿಬೆರಿ ಎರಗುವುದು ಬಹುಮಟ್ಟಿಗೆ ಈ ಹೊತ್ತಿನ ಸುತ್ತಮುತ್ತಲೇ. ಆ ಅವಧಿಯಲ್ಲಿ ಕೂಸನ್ನು ತಪ್ಪದೆ ಕಾಣುವವಳು ಒಬ್ಬಳೇ, ಆರು, ಹತ್ತು ಮತ್ತು ಹದಿನಾಲ್ಕನೇ ವಾರದ ಲಸಿಕೆ ಹಾಕುವ ಎಎನ್‌ಎಂ. ಹತ್ತನೇ ವಾರದ ಸೂಜಿಗೆ ತಾಯಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿರುವಾಗ, "ಊಟಕ್ಕೆ ಏನು ತಿಂತಿದ್ದೀಯಮ್ಮಾ, ಬೇಳೆ ತಿಂತೀಯಾ, ಮೊಟ್ಟೆ ಕೊಡ್ತಾರಾ?" ಎಂದು ಕೇಳಲು ಎರಡು ನಿಮಿಷ ಸಾಕು. ಅಂಗನವಾಡಿಯಿಂದ ಬಂದ ಮೊಟ್ಟೆ ಬಾಣಂತಿಯ ಬಾಯಿಗೆ ಬಿತ್ತೋ ಮನೆಯ ಮಕ್ಕಳಿಗೆ ಹಂಚಿಹೋಯಿತೋ ಎಂಬುದೂ ಆಗಲೇ ಗೊತ್ತಾಗುತ್ತದೆ. ರಿಜಿಸ್ಟರಿನಲ್ಲಿ ಆ ಉತ್ತರಕ್ಕೆ ಒಂದು ಕಾಲಂ ಇದ್ದರೆ, ಇಡೀ ಮಂಡಲದ (ಆಂಧ್ರದಲ್ಲಿ ತಾಲೂಕಿನಂಥ ಘಟಕ) ಬಾಣಂತಿಯರ ತಟ್ಟೆಯ ಚಿತ್ರ ಒಂದೇ ವರ್ಷದಲ್ಲಿ ಸಿಗುತ್ತದೆ.

ಇದನ್ನು ಕೈಗೆತ್ತಿಕೊಳ್ಳಬೇಕಾದವರು ದೂರದಲ್ಲಿಲ್ಲ. ವಿಜಯವಾಡದ ಎನ್‌ಟಿಆರ್ ಆರೋಗ್ಯ ವಿಶ್ವವಿದ್ಯಾಲಯ 1986ರಲ್ಲಿ ಶುರುವಾದದ್ದು, ಆರೋಗ್ಯ ವಿಜ್ಞಾನಕ್ಕೆಂದೇ ದೇಶದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ. ಅದಕ್ಕೆ ಸೇರಿದ ನರ್ಸಿಂಗ್ ಕಾಲೇಜುಗಳ ಹುಡುಗಿಯರು ಓದಿನ ಭಾಗವಾಗಿ ಹಳ್ಳಿ, ಬಡಾವಣೆಗಳಲ್ಲಿ ಮನೆಮನೆ ತಿರುಗುತ್ತಾರೆ. ಸಂಶೋಧನೆ ಅವರಿಗೆ ಒಂದು ಪಠ್ಯವಿಷಯವೇ, ಕೊನೆಗೆ ಒಂದು ಪ್ರಾಜೆಕ್ಟನ್ನೂ ಮಾಡಬೇಕು. ಭಾರತದ ನರ್ಸಿಂಗ್ ಪ್ರಬಂಧಗಳದು ಸಾಮಾನ್ಯವಾಗಿ ಒಂದೇ ಅಚ್ಚು: ಒಂದಷ್ಟು ತಾಯಂದಿರಿಗೆ ಒಂದು ವಿಷಯ ಪಾಠ ಮಾಡುವುದು, ಪಾಠಕ್ಕೆ ಮೊದಲು ಒಂದು ಪರೀಕ್ಷೆ, ಆಮೇಲೆ ಇನ್ನೊಂದು, ಅಂಕ ಏರಿತು ಎಂದು ತೋರಿಸುವುದು. ತಾಯಿಗೆ ಏನು ಗೊತ್ತು ಎಂಬುದು ಇದರಿಂದ ತಿಳಿಯುತ್ತದೆ. ಅವಳಿಗೆ ಏನು ಸಿಕ್ಕಿತು, ಅತ್ತೆ ಯಾವುದನ್ನು ಬೇಡವೆಂದಳು, ಮನೆಯಲ್ಲಿ ಯಾವ ಅಕ್ಕಿ ಬೆಂದಿತು ಎಂಬುದು ತಿಳಿಯುವುದಿಲ್ಲ. ಅಷ್ಟು ಮನೆಗಳಿಗೆ ಹೋಗಿಬರುವ ಕಾಲುಗಳಿಗೆ ಇನ್ನೂ ದೊಡ್ಡ ಪ್ರಶ್ನೆ ಹೊರುವ ಶಕ್ತಿ ಖಂಡಿತ ಇದೆ.

ಎಲ್ಲಕ್ಕಿಂತ ತುರ್ತು ಇರುವುದು ವಿಶಾಖಪಟ್ಟಣದ ಬೆನ್ನಿಗಿರುವ ಗುಡ್ಡಗಳಲ್ಲಿ. ಪಾಡೇರು, ಅರಕು, ಚಿಂತಪಲ್ಲಿಗಳ ಆ ಏಜೆನ್ಸಿ, ಅಂದರೆ ಬುಡಕಟ್ಟು, ಪ್ರದೇಶ 2022ರಲ್ಲಿ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಾಯಿತು. ರಸ್ತೆಯಿಲ್ಲದ ಹಾಡಿಗಳಿಂದ ಬಸುರಿಯರನ್ನು ಇಂದಿಗೂ ಡೋಲಿ ಕಟ್ಟಿ ಹೊತ್ತು ತರುತ್ತಾರೆ. ಪಾಡೇರಿನಿಂದ ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಗಂಟೆಗಳಲ್ಲಿ ಜೀವ ತೆಗೆಯುವ ಕಾಯಿಲೆಗೆ ಅಷ್ಟು ದೂರದ ಮದ್ದು ಒದಗುವುದಿಲ್ಲ. ಗೊಗ್ಗರು ಅಳುವಿನ ಅರ್ಥ ಬಲ್ಲ ನರ್ಸು, ದುಬಾರಿಯೇನಲ್ಲದ ಥಯಾಮಿನ್ ಇಂಜೆಕ್ಷನ್ ಎರಡೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇರಬೇಕು.

ಈ ಗುಡ್ಡಗಳ ಹಳೆಯ ಊಟ ರಾಗಿ, ಸಾಮೆ. ರಾಗಿಯನ್ನು ಇಲ್ಲಿ ಚೋಡಿ ಎನ್ನುತ್ತಾರೆ, ಅಂಬಲಿ ಮಾಡಿ ಕುಡಿಯುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 0.37 ಮಿಲಿಗ್ರಾಂ ಥಯಾಮಿನ್ ಇದೆ, ಪಾಲಿಶ್ ಅಕ್ಕಿಯ ಏಳು ಪಟ್ಟು. ಅಂದಿನ ಮುಖ್ಯಮಂತ್ರಿ ಎನ್.ಟಿ. ರಾಮರಾವ್ 1983ರಲ್ಲಿ ತಂದ ಕೆ.ಜಿ.ಗೆ ಎರಡು ರೂಪಾಯಿಯ ಅಕ್ಕಿ ಹಸಿದ ಹೊಟ್ಟೆಗಳನ್ನು ತುಂಬಿಸಿತು, ಆ ಉಪಕಾರ ಸಣ್ಣದಲ್ಲ. ಆದರೆ ರೇಷನ್ ಅಂಗಡಿಯ ಬಿಳಿಯಕ್ಕಿ ದಿನದಿನಕ್ಕೂ ಸುಲಭವಾದಷ್ಟೂ ಚೋಡಿಗೆ ತಟ್ಟೆಯಲ್ಲಿ ಜಾಗ ಕಿರಿದಾಗುತ್ತದೆ. 2024ರ ಹೊತ್ತಿಗೆ ದೇಶದ ರೇಷನ್ ಅಕ್ಕಿಗೆಲ್ಲ ಸಾರವರ್ಧಿತ ಕಾಳು ಬೆರೆಸಲಾಗುತ್ತಿತ್ತು. ಅದರಲ್ಲಿ ಕಡ್ಡಾಯವಾಗಿ ಇರಬೇಕಾದದ್ದು ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12. ಬಿ1 ಬೇಕಿದ್ದರೆ ಸೇರಿಸಬಹುದಾದ ಪಟ್ಟಿಯಲ್ಲಷ್ಟೇ ಇದೆ. ಬೆರಿಬೆರಿಯ ಇಷ್ಟು ದೊಡ್ಡ ಚರಿತ್ರೆಯಿರುವ ಕರಾವಳಿಗಾದರೂ ಅದನ್ನು ಕಡ್ಡಾಯ ಮಾಡಬೇಕೇ ಎಂದು ನಿರ್ಧರಿಸಲು ಸರ್ಕಾರಕ್ಕೆ ಅಂಕಿಅಂಶ ಬೇಕು. ಆ ಅಂಕಿಅಂಶ ಹತ್ತನೇ ವಾರದ ಲಸಿಕೆಯ ದಿನ, ಎಎನ್‌ಎಂ ಎದುರಿಗೆ ಕೂತ ತಾಯಂದಿರ ಬಳಿ ಇದೆ.